ಹಾರ ಹಾಕಿದ ಕಂಪ್ಯೂಟರ್

ಹೋದ ವಾರ ಅರಸೀಕೆರೆಯ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಕೀಬೋರ್ಡ್ ಕಂಡಿತು. ಕೀಲಿಗಳ ಸಂದಿಯಲ್ಲಿ ಕುಂಕುಮ ಒಣಗಿ ಕಪ್ಪಾಗಿತ್ತು. ಅಂಗಡಿಯವನು ಇನ್ನೂ ಕೆಲಸ ಮಾಡುತ್ತದೆ ಎಂದು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದ. ನಾನು ಬೆಲೆಯನ್ನೂ ಕೇಳದೆ ಹೊರಟುಬಂದೆ...

ನಾನು ಪ್ರೋಗ್ರಾಮಿಂಗ್ ಕಲಿತದ್ದು ಇದೇ ಊರಿನ ಸ್ಟೇಷನ್ ಕಡೆಯ ಕಂಪ್ಯೂಟರ್ ಸೆಂಟರಿನಲ್ಲಿ. ನಡೆಸುತ್ತಿದ್ದವರು ಬೇಲೂರಿನವರು; ಎಲ್ಲರಿಗೂ ಅವರು ಮೇಷ್ಟ್ರು. ಅವರ ಕಂಪ್ಯೂಟರನ್ನು ಆನ್ ಮಾಡಿ, ಹೊರಗೆ ಹೋಗಿ ಕಾಫಿ ಕುಡಿದು ಬಂದರೂ ಅದು ಇನ್ನೂ ಗೊರಗುಟ್ಟುತ್ತಲೇ ಇರುತ್ತಿತ್ತು. ಯಾರಾದರೂ ಅದನ್ನು ಬೈದರೆ ಮಾತ್ರ ಅವರು ಸಹಿಸುತ್ತಿರಲಿಲ್ಲ. ಕಲಿತ ಮೇಲೆ ನಾನು ಅಲ್ಲೇ ಕೆಲಸಕ್ಕೆ ಸೇರಿದೆ.

ಆಗ ರಕ್ತ ಬೇಕೆಂದರೆ ಹಾಸನಕ್ಕೆ ಓಡಬೇಕಿತ್ತು. ರಕ್ತ ಕೊಡುವವರ ವಿವರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಲು ಮೇಷ್ಟ್ರು ಹೊರಟರು. ಬಾಣಾವರದಿಂದ ಹಳೇಬೀಡಿನವರೆಗೂ ಹುಡುಗರು ಹೆಸರು ಕೊಟ್ಟರು. ಯಾವ ಡೇಟಾಬೇಸ್ ಬಳಸಬೇಕೆಂದು ನಮ್ಮಿಬ್ಬರಿಗೂ ಜಗಳ ಹತ್ತಿತು. ಹೊಸದನ್ನು ತಂದು ಇಂಟರ್‌ನೆಟ್ಟಿನಲ್ಲಿ ಇಡೋಣ, ಆಸ್ಪತ್ರೆಯವರೇ ನೋಡಿಕೊಳ್ಳಲಿ ಎಂದು ನಾನು. ಅವರಿಗೆ ಹಳೆಯ ಫಾಕ್ಸ್‌ಪ್ರೋ ಬಿಟ್ಟು ಬೇರೆ ಬೇಡ. ಎಲ್ಲವೂ ಅವರದೇ ಕಂಪ್ಯೂಟರಿನಲ್ಲಿರಬೇಕು. ಪ್ರಿಂಟ್ ಕೂಡ ತೆಗೆಯಕೂಡದು.

ಬರೀ ಹಠ ಎಂದುಕೊಂಡಿದ್ದೆ. ಕಾರಣ ಬೇರೆ ಇತ್ತು. ಹಿಂದೊಮ್ಮೆ ರಕ್ತ ಕೊಡಲು ಬಂದ ಹುಡುಗನ ಎದುರಿಗೇ ರೋಗಿಯ ಕಡೆಯವರು ಇವನು ಯಾವ ಜನ ಎಂದು ವಿಚಾರಿಸಿ, ತಿಳಿದ ಮೇಲೆ, ಬೇರೆ ಯಾರನ್ನಾದರೂ ಕರೆಸಿ ಎಂದಿದ್ದರಂತೆ. ಅವನು ತಲೆ ತಗ್ಗಿಸಿಕೊಂಡು ಹೊರಟುಹೋದನಂತೆ.

"ಹೆಸರು ನೋಡ್ತಿದ್ದಂಗೇ ಜಾತಿ ಹುಡುಕ್ತಾರೆ ಕಣಮ್ಮ," ಎಂದರು ಮೇಷ್ಟ್ರು. "ನಾನಿರೋವರ್ಗೂ ಆ ಹುಡುಗ್ರನ್ನ ಹಂಗೆ ಆರ್ಸೋಕೆ ಬಿಡಲ್ಲ."

ಮರುದಿನದಿಂದ ನಾನೇ ಕೂತು ಹೆಸರುಗಳನ್ನು ಫಾಕ್ಸ್‌ಪ್ರೋಗೆ ಹಾಕತೊಡಗಿದೆ.

ಆ ವರ್ಷದ ಆಯುಧಪೂಜೆ ಬಂತು. ಮೇಷ್ಟ್ರದು ಕಾಟಾಚಾರದ ಪೂಜೆಯಲ್ಲ. ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಧೂಳು ಒರೆಸಿ, ಒಳಗಿನ ಹಾರ್ಡ್ ಡಿಸ್ಕಿಗೂ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು ನೀರು ಚಿಮುಕಿಸಿದರು. ದುಡಿದ ಯಂತ್ರಕ್ಕೆ ಅವತ್ತು ರಜೆ. ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ.

ಸಂಜೆ ನರ್ಸಿಂಗ್ ಹೋಮಿನಿಂದ ಫೋನ್ ಬಂತು. ಹೆರಿಗೆಗೆ ಬಂದ ಹೆಂಗಸಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಅವಳದು ಅಪರೂಪದ ಗುಂಪು. ಮೇಷ್ಟ್ರು ಹಾರ ಕಿತ್ತೆಸೆದು ಸ್ವಿಚ್ ಒತ್ತಿದರು. ಒಳಗೆ ಚಟ್ ಎಂದಿತು, ಅಷ್ಟೇ. ಕಾಯಿಯ ನೀರು ಇಳಿದುಹೋಗಿತ್ತು. ಫ್ಲಾಪಿಯಲ್ಲಿ ಒಂದು ನಕಲಿತ್ತು. ಅದನ್ನು ಹಿಡಿದುಕೊಂಡು ಬೀದಿಗೆ ಓಡಿದೆವು. ಕಂಪ್ಯೂಟರ್ ಇದ್ದ ಅಂಗಡಿಗಳೆಲ್ಲ ಪೂಜೆ ಮುಗಿಸಿ ಬೀಗ ಹಾಕಿದ್ದವು. ಅಂಗಡಿಯವರೊಬ್ಬರನ್ನು ಮನೆಯಿಂದ ಕರೆತಂದು, ಬೀಗ ತೆಗೆಸಿ, ಹೆಸರು ಹುಡುಕುವಷ್ಟರಲ್ಲಿ ತಾಯಿ ಹೋದಳೆಂದು ಮೇಷ್ಟ್ರ ಮೊಬೈಲಿಗೆ ಮತ್ತೆ ಫೋನ್ ಬಂತು. ಪರದೆಯ ಮೇಲೆ ಆ ಗುಂಪಿನ ಒಂದು ಹೆಸರು ಮೂಡಿತ್ತು. ನರ್ಸಿಂಗ್ ಹೋಮಿನ ಹಿಂದಿನ ಬೀದಿಯ ಹುಡುಗ.

ಜಗಳದಲ್ಲಿ ಗೆದ್ದವಳು ನಾನು. ಅಂಥ ಗೆಲುವು ಶತ್ರುವಿಗೂ ಬೇಡ. ಮೇಷ್ಟ್ರು ಆ ವಾರವೇ ಸೆಂಟರ್ ಮುಚ್ಚಿ ಬೇಲೂರಿಗೆ ಹೋದರು, ಮತ್ತೆ ಯಾವ ಕಂಪ್ಯೂಟರನ್ನೂ ಮುಟ್ಟಲಿಲ್ಲ.

ಕೊನೆಯ ಸಲ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ನಗಲಿ ಎಂದು ಹಳೆಯ ಕಂಪ್ಯೂಟರುಗಳ ಮಾತೆತ್ತಿದೆ. ನಗಲಿಲ್ಲ. ನನ್ನ ಕಡೆ ಹೊರಳಿ ಕೇಳಿದರು, "ಆ ಹೆಣ್ಣುಮಗಳ ಮಗು ಈಗ ಕಾಲೇಜಿಗೆ ಹೋಗ್ತಿರ್ಬೇಕು, ಅಲ್ವೇನಮ್ಮ?"

"ಹೂಂ ಸಾರ್, ಹೋಗ್ತಾ ಇದೆ," ಎಂದೆ.

ಮುಖ ಸ್ವಲ್ಪ ಹಗುರಾಯಿತು. ಈ ಬೇಸಿಗೆಯಲ್ಲಿ ತೀರಿಕೊಂಡರು. ಈಗ ಆಫೀಸಿನಲ್ಲಿ ಹುಡುಗರು ಯಾವ ಡೇಟಾಬೇಸ್ ಒಳ್ಳೆಯದೆಂದು ವಾದಕ್ಕೆ ಕೂತರೆ ನಾನು ಎದ್ದು ಹೊರಗೆ ಹೋಗುತ್ತೇನೆ... ಆ ಮಗು ತಾಯಿಯ ಜೊತೆಯಲ್ಲೇ ಹೋಗಿತ್ತು. ಮೇಷ್ಟ್ರಿಗೆ ಅದನ್ನು ಯಾರೂ ಹೇಳಿರಲಿಲ್ಲ, ನನ್ನಿಂದಲೂ ಆಗಲಿಲ್ಲ.