ಒಂಬತ್ತು ವರ್ಷ ನಿಂತ ಗಾಡಿ

ಹೆಂಡತಿ ಸತ್ತ ದಿನ ಟ್ಯಾಕ್ಸಿ ಡ್ರೈವರು ತನ್ನ ಕಾರನ್ನು ಶೆಡ್ಡಿಗೆ ತಳ್ಳಿಸಿ ಬಾಗಿಲೆಳೆದ. ಎದೆನೋವೆಂದವಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಸೇತುವೆಯ ಮೇಲೆ ಎಂಜಿನ್ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು. ಬೇರೆ ಗಾಡಿ ಸಿಗುವಷ್ಟರಲ್ಲಿ ಅವಳು ಹಿಂದಿನ ಸೀಟಿನಲ್ಲೇ ಕಣ್ಣುಮುಚ್ಚಿದ್ದಳು. ಏನು ಕೆಟ್ಟಿದೆಯೆಂದು ಅವನು ಬಾನೆಟ್ ಎತ್ತಿ ಕೂಡ ನೋಡಲಿಲ್ಲ. ಕಂಡವರ ಗಾಡಿ ಓಡಿಸಿ ಮಗಳನ್ನು ಓದಿಸಿದ. ಹರಟೆಮಲ್ಲನೆಂದು ಸ್ಟ್ಯಾಂಡಿನಲ್ಲಿ ಹೆಸರಾಗಿದ್ದವನು ಹತ್ತು ಮಾತಿಗೆ ಒಂದು ಮಾತಾಡುವವನಾದ.

ಮಗಳು ನರ್ಸ್ ಆದಳು. ಆಸ್ಪತ್ರೆ ದೂರ.

“ಬಸ್ ಕಾದು ಕಾದು ಸಾಕಾಗೋಯ್ತಪ್ಪ. ಶೆಡ್ಡಲ್ಲಿರೋ ಕಾರನ್ನ ರಿಪೇರಿ ಮಾಡ್ಕೊಡು, ಇಲ್ಲಾಂದ್ರೆ ಗುಜರಿಗೆ ಹಾಕು. ಹೆಣ ಇಟ್ಕೊಂಡ ಹಾಗೆ ಇಟ್ಕೋಬೇಡ.”

ಮಾತು ನಾಟಿತು. ಮರುದಿನವೇ ಶೆಡ್ಡು ತೆಗೆದ. ಇಲಿಗಳು ಬಾಡಿಗೆಯಿಲ್ಲದೆ ಸಂಸಾರ ಹೂಡಿದ್ದವು. ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಎಣ್ಣೆ ಹೊಯ್ದು ನೆನೆಯಲು ಬಿಟ್ಟ. ಮೂರನೆಯ ದಿನ ಎಂಜಿನ್ನಿನ ಮುಂದಿನ ಬೋಲ್ಟಿಗೆ ಪಾನಾ ಹಾಕಿ ತಿರುಗಿಸಿದರೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಐದನೆಯ ದಿನ ಕೂದಲೆಳೆಯಷ್ಟು ಸರಿಯಿತು; ಸಂಜೆಗೆ ಪೂರಾ ಒಂದು ಸುತ್ತು ಬಂತು.

ಆಮೇಲೆ ಹಳೇ ಪೆಟ್ರೋಲು ಬಸಿಯಲು ಟ್ಯಾಂಕ್ ಇಳಿಸಿದ. ಒಂದಿಷ್ಟು ಕಂದು ರಾಡಿ ಸುರಿದು ನಿಂತುಹೋಯಿತು. ತಂತಿ ಹಾಕಿ ಎಳೆದಾಗ ಎಂಜಿನ್ನಿಗೆ ಪೆಟ್ರೋಲು ಹೋಗುವ ಕೊಳವೆಯ ಬಾಯಿಂದ ಬಟ್ಟೆಯ ಚೂರೊಂದು ಬಂತು. ನೀಲಿ ಗೆರೆಯದು, ಅವನದೇ ಹಳೇ ಶರ್ಟಿನದು. ಟ್ಯಾಂಕಿನ ಮುಚ್ಚಳ ಕಳೆದಾಗ, ಹೊಸದು ನಾಳೆ ತಂದರಾಯಿತೆಂದು ತಾನೇ ಅದರ ಬಾಯಿಗೆ ತುರುಕಿದ್ದ ಚಿಂದಿ; ಅದೇ ಒಳಗೆ ಜಾರಿ ಪೆಟ್ರೋಲು ತಡೆದಿತ್ತು. ಆ ನಾಳೆ ತಿಂಗಳು ಕಳೆದರೂ ಬಂದಿರಲಿಲ್ಲ.

ಮಗಳು ಡ್ಯೂಟಿ ಮುಗಿಸಿ ಬಂದಾಗಲೂ ಅವನು ನೆಲದ ಮೇಲೇ ಕೂತಿದ್ದ. ಎಲ್ಲವನ್ನೂ ಹೇಳಿದ.

“ಗಾಡಿ ಕೈಕೊಡ್ತು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಕೈಕೊಟ್ಟೋನು ನಾನು ಕಣಮ್ಮ.”

ಅವಳು ಚೂರನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದಳು.

“ಗಾಡಿ ನಿಲ್ದೇ ಇದ್ದಿದ್ರೂ ಅಮ್ಮ ಉಳೀತಿದ್ಲು ಅಂತ ಹೇಳೋಕಾಗಲ್ಲ.”

ರೋಗಿಗಳ ಮನೆಯವರಿಗೆ ದಿನವೂ ಸಮಾಧಾನ ಹೇಳುವ ದನಿ ಅದು. ಅವನಿಗೆ ತಿಳಿಯಿತು, ಅವನಿಗೆ ತಿಳಿಯಿತೆಂದು ಅವಳಿಗೂ ತಿಳಿಯಿತು.

“ಉಳೀತಿದ್ಲೇನೋ,” ಎಂದು ಒಳಗೆ ಹೋದಳು.

ಮರುದಿನ ಅವಳು ಅವನನ್ನು ಎಬ್ಬಿಸದೆ ಬಸ್ಸಿಗೆ ಹೋದಳು. ಅವನು ಕೆಲಸ ಬಿಡಲಿಲ್ಲ. ಟ್ಯಾಂಕ್ ತೊಳೆದ, ಪೈಪು, ಬ್ಯಾಟರಿ, ಬ್ರೇಕು ಹೊಸದು ಹಾಕಿದ. ಎಂಜಿನ್ ಶೆಡ್ಡು ತುಂಬ ಹೊಗೆಯುಗುಳಿ, ತಡವರಿಸಿ, ಕೊನೆಗೆ ಒಂದೇ ಸಮನೆ ಓಡತೊಡಗಿತು. ಅವನು ಇಳಿದು ಬೀಗದಕೈಯನ್ನು ಮಗಳ ಕೈಗಿತ್ತ.

ಈಗ ಅವಳು ಅದರಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಗೇಟಿನ ಹತ್ತಿರ ನಿಲ್ಲಿಸಿ, “ಹತ್ತಪ್ಪ, ಸ್ಟ್ಯಾಂಡಿನ ತನಕ ಬಿಡ್ತೀನಿ,” ಎನ್ನುತ್ತಾಳೆ.

“ನಡ್ಕೊಂಡು ಹೋಗ್ತೀನಿ. ನೀನು ಹುಷಾರು,” ಎಂದು ಅವನು ಹಿಂದಿನ ಸೀಟಿನತ್ತ ಒಮ್ಮೆ ನೋಡಿ ದಾರಿ ಬಿಟ್ಟು ನಿಲ್ಲುತ್ತಾನೆ.