ಹಳದಿ ಕ್ಲಿಪ್ಪು ಮತ್ತು ಪೀನಟ್

ಆಗೆಲ್ಲ ಪರದೇಶದ ಅಲೆನ್ ಊರಿನಲ್ಲಿ ನಮ್ಮ ಬೀದಿಯ ಮನೆಗಳಿಗಿನ್ನೂ ಹೊಸ ಪೇಂಟಿನ ವಾಸನೆ ಹೋಗಿರಲಿಲ್ಲ. ನಾನು ಎರಡನೇ ಕ್ಲಾಸು. ಕ್ಲಾಸಿನ ಗೋಡೆಯ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿ. ಒಬ್ಬೊಬ್ಬರ ಹೆಸರಿಗೂ ಒಂದು ಬಟ್ಟೆ ಕ್ಲಿಪ್ಪು. ಗಲಾಟೆ ಮಾಡಿದರೆ ಅದು ಹಸಿರಿನಿಂದ ಕೆಳಗಿಳಿಯುತ್ತಿತ್ತು. ವಾರವಿಡೀ ಹಸಿರಲ್ಲಿದ್ದವರು ಸರದಿಯ ಮೇಲೆ ಕ್ಲಾಸಿನ ಹ್ಯಾಮ್‌ಸ್ಟರ್ ಪೀನಟ್‌ನನ್ನು ಶುಕ್ರವಾರ ಮನೆಗೆ ಒಯ್ಯಬಹುದಿತ್ತು. ಅಂಗೈಯಲ್ಲಿ ಹಿಡಿಸುವ ಆ ಗುಂಡು ಇಲಿಗಾಗಿ ನಾನು ಪ್ರಾಣ ಬಿಡುತ್ತಿದ್ದೆ. ಆದರೆ ನನ್ನ ಕ್ಲಿಪ್ಪು ಹಸಿರಲ್ಲಿ ನಿಂತರೆ ತಾನೆ!

ಕಾರಣ ನನ್ನ ಕಾಲು. ಕಥೆಯ ಹೊತ್ತಿಗೆ ಎಲ್ಲರೂ ಕಾರ್ಪೆಟ್ ಮೇಲೆ ಒತ್ತೊತ್ತಾಗಿ ಕೂರುತ್ತಿದ್ದೆವು. ಮನುಷ್ಯರಿಗಾಗಲಿ ಪುಸ್ತಕಕ್ಕಾಗಲಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಅಂತ ಅಮ್ಮ ಕಲಿಸಿದ್ದಳು. ಪಕ್ಕದ ಬ್ರ್ಯಾಂಡನ್ ಇದನ್ನು ಕಂಡುಹಿಡಿದುಬಿಟ್ಟ. ಬೇಕೆಂದೇ ನನ್ನ ಕಾಲಡಿಗೆ ಪುಸ್ತಕ ತಳ್ಳುತ್ತಿದ್ದ. ನಾನು ಬಗ್ಗಿ ಒತ್ತಿಕೊಂಡರೆ ಹಿಂದಿನವರು ಕಿಸಕ್ಕನೆ ನಗುತ್ತಿದ್ದರು, ಕಥೆ ನಿಲ್ಲುತ್ತಿತ್ತು. ನಮ್ಮ ಟೀಚರ್ ಮಿಸ್ ಡೋನಾ ನಿಟ್ಟುಸಿರು ಬಿಟ್ಟು ನನ್ನ ಕ್ಲಿಪ್ಪು ಇಳಿಸುತ್ತಿದ್ದರು.

"ಇವತ್ತೂ ಹಳದೀನೇನೇ?" ಅಮ್ಮ ಒಗ್ಗರಣೆ ಸೌಟು ಹಿಡಿದೇ ಕೇಳಿದಳು.

"ಬ್ರ್ಯಾಂಡನ್ ಪುಸ್ತಕ ತಳ್ತಾನಮ್ಮ. ನಾನು ಒತ್ಕೊಳ್ದೇ ಸುಮ್ನಿದ್ದುಬಿಡ್ಲಾ?"

"ಅಯ್ಯೋ, ಸರಸ್ವತಿ ಕಣೇ ಅದು! ಸುಮ್ನಿರ್ತಾರಾ ಯಾರಾದ್ರೂ?"

ಸರಸ್ವತಿಯೋ ಪೀನಟ್ಟೋ? ಅಂಥ ಧರ್ಮಸಂಕಟ ಆಮೇಲೆ ನನಗೆ ಬಂದೇ ಇಲ್ಲ.

ಒಂದು ದಿನ ಮಿಸ್ ಡೋನಾ ಕುರ್ಚಿ ಬಿಟ್ಟು ಬಂದು ನನ್ನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಪುಸ್ತಕ ಬಿಡಿಸುವಷ್ಟರಲ್ಲಿ ನನ್ನ ಕಾಲು ಅವರ ಮೊಣಕಾಲಿಗೆ ತಗುಲಿತು. ಹೋಯ್ತು ಪೀನಟ್ಟು ಅಂದುಕೊಂಡೆ, ಆದರೆ ಕೈ ಕೇಳಬೇಕಲ್ಲ! ಮುಟ್ಟಿ ಕಣ್ಣಿಗೊತ್ತಿಕೊಂಡೇಬಿಟ್ಟೆ. ಕ್ಲಾಸು ಗೊಳ್ಳೆಂದಿತು. ಅವರು ಕ್ಲಿಪ್ಪಿನ ಕಡೆ ನೋಡಲಿಲ್ಲ.

"ಇದನ್ನ ಯಾಕೆ ಮಾಡ್ತೀಯ, ಸ್ವೀಟಿ?"

"ತಪ್ಪಾಯ್ತು ಅಂತ. ಪುಸ್ತಕಕ್ಕೂ ಹೇಳ್ಬೇಕು."

"ಪುಸ್ತಕಕ್ಕೂ ಸಾರಿ!" ಅವರ ಮುಖ ಅರಳಿತು. ಎಲ್ಲರಿಗೂ ತೋರಿಸು ಅಂದರು. ತೋರಿಸಿದೆ. ಬ್ರ್ಯಾಂಡನ್ನೇ ಮೊದಲು ಎದ್ದು ತನ್ನ ಪುಸ್ತಕಕ್ಕೆ ಕಾಲು ತಾಗಿಸಿ ಕಣ್ಣಿಗೊತ್ತಿಕೊಂಡ, ಕಳ್ಳ! ಎಲ್ಲರೂ ಮಾಡತೊಡಗಿದ ಮೇಲೆ ನಗುವುದಕ್ಕೆ ಏನುಳಿಯಿತು? ಮರುದಿನ ಮಿಸ್ ಡೋನಾ ಕಾರ್ಪೆಟ್ ಮೇಲೆ ಟೇಪು ಅಂಟಿಸಿ ಒಬ್ಬೊಬ್ಬರಿಗೂ ಅಗಲವಾದ ಜಾಗ ಮಾಡಿದರು. ಮುಂದಿನ ವಾರವಿಡೀ ನನ್ನ ಕ್ಲಿಪ್ಪು ಹಸಿರಲ್ಲೇ ಇತ್ತು.

ಪೀನಟ್ ನಮ್ಮನೆಗೆ ಬಂದ. "ಥೂ, ಇಲೀನ ಮನೆಯೊಳಗೆ ಬಿಟ್ಕೋತಾರೇನೇ!" ಅಂತ ಗಾಬರಿಯಲ್ಲಿ ಕುಣಿದಾಡಿದ ಅಮ್ಮನ ಕಾಲು ಅವನ ಪಂಜರಕ್ಕೆ ತಗುಲಿತು. ತಕ್ಷಣ ಬಗ್ಗಿ ಪಂಜರ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನೂ ಅಪ್ಪನೂ ಬಿದ್ದು ಬಿದ್ದು ನಕ್ಕೆವು.

ಈಗ ನನ್ನ ಮಗಳ ಶಾಲೆಯಿಂದ ಬಣ್ಣ ನೇರ ಫೋನಿಗೇ ಬರುತ್ತದೆ. ನಿನ್ನೆ ಹಳದಿ ಬಂತು. ಯಾಕೆ ಅಂತ ಬರೆದಿರಲಿಲ್ಲ. ಅವಳನ್ನು ಕೇಳಿದವರೂ ಇರಲಿಲ್ಲವಂತೆ. ಮಿಸ್ ಡೋನಾ ನೆನಪಾದರು. ಕುದಿಯುತ್ತಿದ್ದ ಸಾರಿನ ಒಲೆ ಆರಿಸಿ, ನೆಲದ ಮೇಲೆ ಅವಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ.