ಬಾವಿಯ ತಳದ ನೆಲ್ಲಿ ಹಲಗೆ

ನಮ್ಮೂರಲ್ಲಿ ರೇಷ್ಮೆಹುಳ ಸತ್ತರೆ ಮಾಟ, ಹಸು ಗಬ್ಬ ನಿಲ್ಲದಿದ್ದರೂ ಮಾಟ. ಕಾರಣ ಹುಡುಕಲು ಇವರಿಗೆ ತಲೆ ಬೇಡ, ಬಾಯಿ ಸಾಕು. ಟೇಕಲ್ ಕಡೆಯ ಆ ಊರಿನ ನಮ್ಮ ವಂಶದಲ್ಲಿ ಗಂಡು ಹೆಣ್ಣು ಸೇರಿಸಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಕೋಲಾರದ ಬಸ್ಸಿನಲ್ಲಿ ನಿಂತೇ ಓಡಾಡಿ ಕೆಮಿಸ್ಟ್ರಿ ಓದಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕೆರೆ ತುಂಬಿದ ವರ್ಷ, ಬತ್ತಿದ್ದ ನಮ್ಮ ಬೀದಿಯ ಬಾವಿಯಲ್ಲೂ ನೀರು ಜಿನುಗಿತು. ಹೂಳೆತ್ತಿಸಿದರು. ತಳದ ಕೆಸರಿನಿಂದ ಇದ್ದಿಲಿನಂತೆ ಕಪ್ಪಗಿದ್ದ ಹಲಗೆಯೊಂದು ಮೇಲೆ ಬಂತು, ಮೈತುಂಬ ತುಕ್ಕು ಹಿಡಿದ ಮೊಳೆಗಳು. ಸಾಕಲ್ಲ! ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ನಿಂತಲ್ಲೇ ತೀರ್ಪು ಕೊಟ್ಟ: ಇದು ಮಾಟದ ಹಲಗೆ, ಹಾಕಿದವಳು ನನ್ನ ಅಮ್ಮ. ಆ ಸಲ ಅಮ್ಮನ ರೇಷ್ಮೆಹುಳ ಗೂಡು ಕಟ್ಟಿದ್ದವು, ಅವನವು ಸತ್ತಿದ್ದವು. ಟೊಮೆಟೊಗೆ ಔಷಧಿ ಹೊಡೆದು, ಪಕ್ಕದ ಸಾಲಿನ ಹಿಪ್ಪುನೇರಳೆ ಸೊಪ್ಪನ್ನೇ ಕುಯ್ದು ಹುಳಕ್ಕೆ ಹಾಕಿದ್ದ ಮಹಾನುಭಾವ. ಅಮ್ಮ ಬಾವಿಗೆ ಕೊಡ ಇಳಿಸಕೂಡದೆಂದ. ಬೀದಿಯೆಲ್ಲ ತಲೆಯಾಡಿಸಿತು. ಅಮ್ಮ ಊರಾಚೆಯ ತೋಟದಿಂದ ನೀರು ಹೊರತೊಡಗಿದಳು.

ಸುದ್ದಿ ಕೇಳಿ ಊರಿಗೆ ಹೋದೆ. ಬಾವಿ ತೋಡಿದಾಗ ನೀರು ಸಿಹಿಯಾಗಲೆಂದು ತಳಕ್ಕೆ ನೆಲ್ಲಿಮರದ ಹಲಗೆ ಹಾಕುವುದು ಹಳೆಯ ರೂಢಿ. ಹಾಕಿದವರು ಇವರ ತಾತಂದಿರು, ಮರೆತವರು ಇವರು. ನೆಲ್ಲಿಯ ಒಗರು ಎಂದರೆ ಟ್ಯಾನಿನ್. ಗಾಳಿಯಾಡದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ. ಆದರೆ ಒಗರು ಸುಮ್ಮನಿರುವುದಿಲ್ಲ. ನೀರಿನಲ್ಲಿ ನಿಧಾನಕ್ಕೆ ಒಡೆದು ಗ್ಯಾಲಿಕ್ ಆಮ್ಲವಾಗುತ್ತದೆ, ಹಲಗೆ ಜೋಡಿಸಲು ಹೊಡೆದ ಮೊಳೆಯ ಕಬ್ಬಿಣ ಸಿಕ್ಕರೆ ಅದರೊಡನೆ ಕೂಡಿ ಕಪ್ಪಾಗುತ್ತದೆ. ಇಷ್ಟೇ.

ಬಾವಿಕಟ್ಟೆಯ ಮೇಲೆ ಎಲ್ಲರೆದುರು ನೆಲ್ಲಿಕಾಯಿ ಜಜ್ಜಿ ನೀರಿಗೆ ಹಾಕಿ, ಆ ಹಲಗೆಯಿಂದಲೇ ಕಿತ್ತ ಮೊಳೆಯನ್ನು ಅದರಲ್ಲಿ ಬಿಟ್ಟೆ. ನಾನು ವಿವರಿಸುತ್ತಿರುವಾಗಲೇ ನೀರು ಕಪ್ಪಗಾಗತೊಡಗಿತು.

"ಏಮಮ್ಮಾ ಬಿ.ಎಸ್ಸಿ, ಏನಿದು?" ಎಂದ ದೊಡ್ಡಪ್ಪ.

"ನೆಲ್ಲಿಕಾಯಿ ಮಾಟ. ನಿಮ್ಮನೆ ಕಬ್ಬಿಣದ ಬಾಂಡ್ಲೀಲೂ ಆಗ್ತದೆ. ದೊಡ್ಡಮ್ಮನ್ನ ಕೇಳಿ."

ಯಾರೋ ಕಿಸಕ್ಕನೆ ನಕ್ಕರು. ಮಾಟವೆಂಬ ಮಾತು ನನ್ನ ಬಾಯಲ್ಲೇ ಬಂದದ್ದು ಅವನಿಗೆ ಸಾಕಾಯಿತು.

"ನೋಡಿದ್ರೇನ್ರೋ! ತಾಯಿ ಕದ್ದು ಮಾಡಿದ್ದನ್ನ ಮಗಳು ಹಗಲೊತ್ತಲ್ಲೇ ಮಾಡಿ ತೋರಿಸ್ತಾ ಅವ್ಳೆ!"

ಜನ ಹಿಂದೆ ಸರಿದರು. ಕಣ್ಣೆದುರು ನಡೆದದ್ದನ್ನು ಬಿಟ್ಟು ಆ ಬಾಯಿಯನ್ನೇ ನಂಬಿದರು. ಇಂಥವರಿಗೆ ಪಾಠ ಹೇಳುವುದಕ್ಕಿಂತ ಕೋಣನ ಮುಂದೆ ಕಿನ್ನರಿ ಬಾರಿಸುವುದು ವಾಸಿ.

ಅಷ್ಟರಲ್ಲಿ ಅಮ್ಮ ಕೊಡ, ಹಗ್ಗ ಹಿಡಿದು ಬಂದಳು. "ಸರಿಯೇ ಅತ್ಲಾಗೆ," ಎಂದು ನನ್ನನ್ನು ತಳ್ಳಿ ಕೊಡ ಇಳಿಬಿಟ್ಟಳು.

"ಮುಟ್ಟಬೇಡ ಕಣಮ್ಮಾ!" ದೊಡ್ಡಪ್ಪ ಅರಚಿದ.

ಅಮ್ಮ ಹಗ್ಗ ಸೇದುತ್ತಲೇ ತಿರುಗಿದಳು. "ಮಾಟ ಮಾಡೋಳಿಗೆ ಎದುರು ಮಾತಾಡ್ತೀರಾ, ಭಾವ? ನಾಲಿಗೆ ಬಿದ್ದೋದಾತು, ಜೋಕೆ."

ಅವನು ಕೈಯಿಂದ ಬಾಯಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದಿಟ್ಟ. ಅಮ್ಮ ಬೊಗಸೆ ನೀರು ಕುಡಿದು, ಕೊಡವನ್ನು ಸೊಂಟಕ್ಕಿಟ್ಟು ನಡೆದಳು. ಬೀದಿ ದಾರಿ ಬಿಟ್ಟಿತು.

ಈಗಲೂ ಬಿಡುತ್ತದೆ. ಬಾವಿಗೆ ಅವಳೇ ಮೊದಲು; ಅವಳ ಕೊಡ ತುಂಬುವವರೆಗೆ ಉಳಿದ ಹೆಂಗಸರು ದೂರ ನಿಂತಿರುತ್ತಾರೆ. "ನಿನ್ನ ಕೆಮಿಸ್ಟ್ರಿಗಿಂತ ಇದೇ ಕೆಲಸ ಮಾಡ್ತು ನೋಡು," ಎಂದು ಅಮ್ಮ ನಗುತ್ತಾಳೆ. ನನಗೆ ನಗು ಬರುವುದಿಲ್ಲ. ನೀರೇನೋ ಸಿಕ್ಕಿತು. ಆದರೆ ನನ್ನ ಅಮ್ಮ ಮಾಟಗಾತಿಯಲ್ಲ ಎಂದು ಆ ಬೀದಿಯಲ್ಲಿ ಇವತ್ತಿಗೂ ಒಬ್ಬರೂ ಹೇಳಿಲ್ಲ.